ಅಡಿಕೆ ಕೋಣೆಯಲ್ಲಿ ಓದಿದ ಕವಿತೆಗಳು

ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಯ ಫ್ರಿಜ್ ಆಫ್ ಆಗುತ್ತದೆ. ಆಫ್ ಮಾಡುವವಳು ನಾನೇ. ಆಫ್ ಮಾಡಿದ ಮೇಲೆ ಫೋನಿನ ಚಾರ್ಜರನ್ನು ಒಂದು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನೊಳಗೆ, ಹಾಲಿನ ಪಾತ್ರೆಯ ಪಕ್ಕದಲ್ಲಿ ಇಡುತ್ತೇನೆ. ಮಲಗುವ ಮೊದಲು ಚಾರ್ಜರ್ ಬೇಕೇ ಬೇಕಲ್ವಾ? ಅದನ್ನು ಹುಡುಕಿಕೊಂಡು ಬಂದಾಗ ಫ್ರಿಜ್ ಮತ್ತೆ ಆನ್ ಮಾಡುವುದು ನೆನಪಾಗುತ್ತದೆ. ಈ ಉಪಾಯ ಕಲಿಯುವ ಮೊದಲು ಎರಡು ಸಲ ಹಾಲು ಒಡೆದಿದೆ.

ಫ್ರಿಜ್ಜಿನ ಸದ್ದು ನಿಂತ ಮೇಲೆ ಫ್ಯಾನ್ ಆಫ್. ಆಮೇಲೆ ಗೋಡೆ ಗಡಿಯಾರವನ್ನು ತೆಗೆದು ಹಾಸಿಗೆಯ ಮೇಲೆ ಕವುಚಿ ಹಾಕುತ್ತೇನೆ. ಅಪ್ಪನಿಗೆ ಟಿವಿಯ ವಾಲ್ಯೂಮ್ ತಗ್ಗಿಸಲು ಹೇಳಬೇಕಾಗಿಲ್ಲ, ಅವರಿಗೆ ಅಭ್ಯಾಸವಾಗಿದೆ. ಪುಸ್ತಕ, ಮೈಕು, ಲ್ಯಾಪ್‌ಟಾಪು, ಒಂದು ಚೊಂಬು ಬಿಸಿನೀರು ಹಿಡಿದುಕೊಂಡು ಹಿಂದಿನ ಅಡಿಕೆ ಕೋಣೆಗೆ ಹೋಗುತ್ತೇನೆ. ಅಲ್ಲಿ ಕೂತು ಕವಿತೆ ಓದುತ್ತೇನೆ. ಓದಿದ್ದನ್ನು ರೆಕಾರ್ಡ್ ಮಾಡುತ್ತೇನೆ. ನಾಲ್ಕು ವರ್ಷಗಳಿಂದ ವಾರದಲ್ಲಿ ಎರಡು ಮೂರು ರಾತ್ರಿ ಹೀಗೆಯೇ ಕಳೆದಿವೆ.

ನಮ್ಮ ಮನೆ ಬದಿಯಡ್ಕದ ಹತ್ತಿರ, ಕಾಸರಗೋಡು ಜಿಲ್ಲೆಯಲ್ಲಿ. ಅಣ್ಣ ಕೆಲಸದ ಮೇಲೆ ಕೊಚ್ಚಿಯಲ್ಲಿದ್ದಾನೆ. ಅವನ ಮಗಳಿಗೆ ಈಗ ಹನ್ನೊಂದು ವರ್ಷ. ಮನೆಯಲ್ಲಿ ನಮ್ಮ ಮನೆಮಾತಾದ ಹವ್ಯಕ ಮಾತಾಡುತ್ತಾಳೆ, ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಮಲಯಾಳ. ಕನ್ನಡ ಹೇಳಿದರೆ ಅರ್ಥವಾಗುತ್ತದೆ. ಓದಲು ಬರುವುದಿಲ್ಲ. ಆರೇಳು ವರ್ಷದವಳಿದ್ದಾಗ ರಜೆಗೆ ಬಂದವಳು ನನ್ನ ಕಪಾಟಿನಿಂದ ಒಂದು ಕವನ ಸಂಕಲನ ತೆಗೆದು, ಪುಟ ತಿರುವಿ, "ಅತ್ತೆ, ಇದರಲ್ಲಿ ಎಂತ ಇದ್ದು?" ಎಂದು ಕೇಳಿದಳು. ಜಗಲಿಯಲ್ಲಿ ಕೂತು ಒಂದು ಪದ್ಯ ಓದಿದೆ. ಇನ್ನೊಂದು ಓದು ಎಂದಳು. ರಜೆ ಮುಗಿದು ಕೊಚ್ಚಿಗೆ ಹೋದ ಮೇಲೆ ಫೋನಿನಲ್ಲಿ ಕೇಳತೊಡಗಿದಳು. ದಿನಾ ಅವಳ ಸಮಯಕ್ಕೆ ನನಗೆ ಬಿಡುವು ಆಗುತ್ತಿರಲಿಲ್ಲ. ಹಾಗಾಗಿ ಓದಿ ಕಳಿಸಿದೆ. ಇದು ಶುರುವಾದದ್ದು ಹಾಗೆ.

ಇಂಥ ಮಕ್ಕಳು ನಮ್ಮ ಕಡೆ ಮನೆಗೊಬ್ಬರಾದರೂ ಸಿಗುತ್ತಾರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ಇದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿ ಈಗಲೂ ಇವೆ, ನಾನೂ ಅಣ್ಣನೂ ಅಂಥ ಶಾಲೆಯಲ್ಲೇ ಓದಿದವರು. ಆದರೆ ಮನೆಯವರು ಕೆಲಸ ಹುಡುಕಿಕೊಂಡು ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸುವವರು ಯಾರು? ಕಿವಿಯಲ್ಲಿ ಭಾಷೆ ಇರುತ್ತದೆ, ಕಣ್ಣಿಗೆ ಅದರ ಗುರುತು ಇರುವುದಿಲ್ಲ. ಅಂಥವರಿಗೆ ಕವಿತೆ ಮುಟ್ಟಬೇಕಾದರೆ ಯಾರಾದರೂ ಓದಿಯೇ ಹೇಳಬೇಕು.

ಮೊದಲ ತಿಂಗಳು ನಾನು ಓದಿದ್ದನ್ನು ಈಗ ಕೇಳಿದರೆ ಅದು ನನ್ನ ಸ್ವರ ಅನ್ನಿಸುವುದಿಲ್ಲ. ಚಿಕ್ಕಂದಿನಿಂದ ಮಂಗಳೂರು ಆಕಾಶವಾಣಿ ಕೇಳಿ ಬೆಳೆದವಳು. ಮೈಕಿನ ಎದುರು ಓದುವುದು ಅಂದರೆ ಹಾಗೆಯೇ ಓದಬೇಕು ಎಂದು ಮನಸ್ಸಿನಲ್ಲಿ ಕೂತಿತ್ತು. ಸ್ವರ ತಗ್ಗಿಸಿ, ಗಂಭೀರ ಮಾಡಿ, ಪ್ರತಿ ಸಾಲಿನ ಕೊನೆಯನ್ನು ಎಳೆದು ಓದುತ್ತಿದ್ದೆ. ಅದನ್ನು ಕೇಳಿಕೊಂಡಾಗ ಇನ್ನೊಂದು ಕಿರಿಕಿರಿ. ನನ್ನ ಸ್ವರ ಇಷ್ಟು ತೆಳ್ಳಗಿದೆಯಾ? ಇದು ಎಲ್ಲರಿಗೂ ಆಗುವುದೇ. ನಾವು ಮಾತಾಡುವಾಗ ನಮ್ಮ ಸ್ವರ ಗಾಳಿಯಿಂದ ಮಾತ್ರ ಕಿವಿಗೆ ಬರುವುದಿಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಬರುತ್ತದೆ. ಮೂಳೆಯ ದಾರಿಯಲ್ಲಿ ಮಂದ್ರದ ಸದ್ದು ಜಾಸ್ತಿ ಸೇರಿಕೊಳ್ಳುತ್ತದೆ. ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ. ಬೇರೆಯವರು ಇಷ್ಟು ವರ್ಷ ಕೇಳಿದ್ದು ಆ ತೆಳ್ಳಗಿನ ಸ್ವರವನ್ನೇ.

ಇದನ್ನು ತಿಳಿದುಕೊಂಡ ಮೇಲೂ ನಾನು ರೇಡಿಯೋ ಧಾಟಿ ಬಿಡಲಿಲ್ಲ. ಬಿಡಿಸಿದ್ದು ಅಣ್ಣನ ಮಗಳು. ಐದಾರು ಪದ್ಯ ಕಳಿಸಿದ ಮೇಲೆ ಫೋನ್ ಮಾಡಿ, "ಅತ್ತೆ, ಆಗ ಜಗಲಿಯಲ್ಲಿ ಕೂತು ಓದಿದ ಹಾಗೆ ಓದು" ಅಂದಳು. ಮಕ್ಕಳು ಇಂಥದ್ದನ್ನು ಸುಮ್ನೆ ಹೇಳಿಬಿಡುತ್ತಾರೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಜಗಲಿಯಲ್ಲಿ ಓದಿದ ಹಾಗೆ ಅಂದರೆ ಹೇಗೆ? ನಮ್ಮ ಕಡೆಯವರ ಕನ್ನಡಕ್ಕೆ ಘಟ್ಟದ ಮೇಲಿನವರು "ಪುಸ್ತಕದ ಕನ್ನಡ" ಎನ್ನುತ್ತಾರೆ. ಮನೆಯಲ್ಲಿ ಹವ್ಯಕವೋ ತುಳುವೋ ಕೊಂಕಣಿಯೋ ಕರಾಡವೋ ಆಡಿ, ಕನ್ನಡವನ್ನು ಶಾಲೆಯಲ್ಲಿ ಕಲಿತವರು ನಾವು. ಹಾಗಾಗಿ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತೇವೆ. ಲ, ಳ ಬೇರೆ ಬೇರೆ ಕೇಳುತ್ತದೆ, ನ, ಣ ಬೇರೆ ಬೇರೆ. ಜೊತೆಗೆ ನನ್ನ ಮಾತಿನಲ್ಲಿ ವಾಕ್ಯದ ಕೊನೆ ಸ್ವಲ್ಪ ಮೇಲಕ್ಕೆ ಏಳುತ್ತದೆ. ಅದನ್ನು ಒತ್ತಿ ಹಿಡಿದು ಬೇರೆ ಊರಿನವಳ ಹಾಗೆ ಓದುತ್ತಿದ್ದೆ. ಬಿಟ್ಟೆ. ಎದುರಿಗೆ ಹುಡುಗಿ ಕೂತಿದ್ದಾಳೆ ಎಂದುಕೊಂಡು ಓದಿದೆ. ಮೊದಲ ಸಲ ಒಂದು ಪದ್ಯ ನನ್ನ ಬಾಯಿಗೆ ಸರಿಯಾಗಿ ಹೊಂದಿತು.

ಇನ್ನು ಕೋಣೆಯ ವಿಷಯ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಕಾಗುವುದಿಲ್ಲ.

ಮೊದಲು ಚಾವಡಿಯಲ್ಲಿ ಓದುತ್ತಿದ್ದೆ. ಕಾವಿ ಹಾಕಿದ ನೆಲ, ಸುಣ್ಣದ ಗೋಡೆ, ಒಂದು ಮರದ ಬೆಂಚು. ಸ್ವರ ಹೋಗಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಬಾವಿಯೊಳಗೆ ಕೂತು ಓದಿದ ಹಾಗೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಓದಿದರೆ ಒಳ್ಳೆಯದು ಎಂದು ಎಲ್ಲೋ ಓದಿದೆ. ಅಮ್ಮನ ಸೀರೆಗಳ ಎದುರು ಓದಿ ನೋಡಿದೆ. ವ್ಯತ್ಯಾಸ ಇತ್ತು, ಸಾಲದು. ಒಂದು ದಿನ ಹಿಂದಿನ ಕೋಣೆಯಿಂದ ಏನೋ ತರಲು ಹೋದವಳು ಅಲ್ಲಿಂದಲೇ ಅಮ್ಮನನ್ನು ಕರೆದೆ. ನನ್ನ ಸ್ವರ ಬಾಯಿಯ ಎದುರೇ ನಿಂತುಬಿಟ್ಟಿತು. ಅಮ್ಮನಿಗೆ ಕೇಳಲಿಲ್ಲ.

ಅದು ಚಾಲಿ, ಅಂದರೆ ಬಿಸಿಲಿನಲ್ಲಿ ಒಣಗಿಸಿದ ಅಡಿಕೆ ಇಡುವ ಕೋಣೆ. ಸುಲಿದ ಅಡಿಕೆಯ ಗೋಣಿಗಳನ್ನು ಮೂರು ಗೋಡೆಗೂ ತಾಗಿಸಿ ಆಳೆತ್ತರ ಪೇರಿಸಿದ್ದರು. ಸೆಣಬಿನ ಗೋಣಿ ಮೆತ್ತಗೆ. ಒಳಗಿನ ಅಡಿಕೆಯ ಮಧ್ಯೆ ಸಂದುಗಳು. ಹೊರಮೈ ಉಬ್ಬುತಗ್ಗು. ಸದ್ದು ಅದರೊಳಗೆ ಹೊಕ್ಕರೆ ಮತ್ತೆ ಹೊರಗೆ ಬರುವುದಿಲ್ಲ. ಸ್ಟುಡಿಯೋದವರು ದುಡ್ಡು ಕೊಟ್ಟು ಗೋಡೆಗೆ ಹಚ್ಚುವ ದಪ್ಪ ಸ್ಪಂಜಿನ ಕೆಲಸವನ್ನು ನಮ್ಮ ಅಡಿಕೆ ಮಾಡುತ್ತಿತ್ತು. ಒಂದು ಗೋಣಿಯ ಮೇಲೆ ಕೂತು, ಇನ್ನೊಂದರ ಮೇಲೆ ಪುಸ್ತಕ ಇಟ್ಟು ಓದಿದೆ. ಒಣ ಅಡಿಕೆಯ ಒಗರು ವಾಸನೆ ಗಂಟಲಿಗೆ ಸ್ವಲ್ಪ ಹಿಡಿಯುತ್ತದೆ, ಅದಕ್ಕೇ ಚೊಂಬಿನ ಬಿಸಿನೀರು. ಆ ರಾತ್ರಿಯ ರೆಕಾರ್ಡಿಂಗ್ ಕೇಳಿದಾಗ ಓದುವವಳು ಕಿವಿಯ ಪಕ್ಕದಲ್ಲೇ ಇದ್ದ ಹಾಗಿತ್ತು.

ಒಂದೇ ತೊಂದರೆ. ರೇಟು ಏರಿದರೆ ಅಪ್ಪ ಅಡಿಕೆ ಮಾರುತ್ತಾರೆ. ಮಾರಲೇಬೇಕಲ್ಲ, ಮನೆ ನಡೆಯಬೇಡವೇ? ಗೋಣಿಗಳು ಪಿಕಪ್ ಹತ್ತಿ ಹೋದ ಮಾರನೆಯ ದಿನ ಅದೇ ಕೋಣೆ ಗುಂಯ್ ಎನ್ನುತ್ತದೆ. ಆಗ ಹಳೆಯ ಹಾಸಿಗೆ, ಕಂಬಳಿ, ಖಾಲಿ ಗೋಣಿಗಳನ್ನು ಹಗ್ಗಕ್ಕೆ ನೇತುಹಾಕಿ ಸುಧಾರಿಸುತ್ತೇನೆ. ನನ್ನ ಫೈಲುಗಳನ್ನು ಸಾಲಾಗಿ ಕೇಳಿದರೆ ಯಾವ ತಿಂಗಳಲ್ಲಿ ಅಡಿಕೆ ಇತ್ತು, ಯಾವ ತಿಂಗಳಲ್ಲಿ ಇರಲಿಲ್ಲ ಎಂದು ಹೇಳಬಹುದು. ಅಪ್ಪನಿಗೆ ಒಮ್ಮೆ ಹೀಗೆ ಎರಡು ಪದ್ಯ ಕೇಳಿಸಿದೆ. ಎರಡನೆಯದಕ್ಕೆ ತಲೆ ಎತ್ತಿ, "ಇದು ಕೊಟ್ಟ ಮತ್ತಾಣದ್ದು" ಅಂದರು. ಕೋಣೆ ಖಾಲಿಯಾದ ಮೇಲಿನದು ಎಂದು. ಹೌದು.

ಸಾಮಾನಿಗೆ ಜಾಸ್ತಿ ದುಡ್ಡು ಬೇಡ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಮೊದಲ ವರ್ಷ ಪೂರ್ತಿ ಫೋನಿನಲ್ಲೇ ಮಾಡಿದ್ದು. ಫೋನಿನ ಮೈಕು ಸಾಮಾನ್ಯವಾಗಿ ಕೆಳ ಅಂಚಿನಲ್ಲಿರುತ್ತದೆ, ಆ ಅಂಚು ಬಾಯಿಯ ಕಡೆ ಇರಬೇಕು. ದೂರ ಒಂದು ಗೇಣು. ನೇರ ಬಾಯಿಯ ಎದುರು ಬೇಡ, ಸ್ವಲ್ಪ ಓರೆಯಾಗಿ ಇಡಬೇಕು. ಪ, ಬ, ಫ, ಭ ಹೇಳುವಾಗ ತುಟಿಯಿಂದ ಗಾಳಿ ನುಗ್ಗಿ ಮೈಕಿಗೆ ಹೊಡೆಯುತ್ತದೆ. ಕನ್ನಡದಲ್ಲಿ ಮಹಾಪ್ರಾಣಗಳು ಬೇರೆ. "ಭೂಮಿ" ಅಂದರೆ ಸಾಕು, ರೆಕಾರ್ಡಿಂಗಿನಲ್ಲಿ ಡಬ್ ಎಂದು ಸಿಡಿಯುತ್ತದೆ. ಅದಕ್ಕೆ ನಾನು ಒಂದು ತೆಳ್ಳನೆಯ ಹಳೆ ಬೈರಾಸನ್ನು (ಟವೆಲನ್ನು) ಕಸೂತಿಯ ಬಳೆಗೆ ಬಿಗಿದು ಮೈಕಿನ ಮುಂದೆ ನಿಲ್ಲಿಸಿದ್ದೇನೆ. ಗಾಳಿ ಅಲ್ಲಿ ನಿಲ್ಲುತ್ತದೆ, ಮಾತು ದಾಟುತ್ತದೆ.

ಫೋನಿನಲ್ಲಿ ಮಾಡುವವರು ಏರೋಪ್ಲೇನ್ ಮೋಡ್ ಮರೆಯಬಾರದು. ಮೂವತ್ತೈದು ನಿಮಿಷ ಓದಿದ ಒಂದು ದೀರ್ಘ ಕವಿತೆ ನನಗೆ ಹೀಗೇ ಹೋಯಿತು. ಐದನೇ ನಿಮಿಷಕ್ಕೆ ಯಾರದ್ದೋ ಕರೆ ಬಂದು ರೆಕಾರ್ಡಿಂಗ್ ನಿಂತಿತ್ತು. ಫೋನ್ ಸೈಲೆಂಟಿನಲ್ಲಿದ್ದ ಕಾರಣ ನನಗೆ ಗೊತ್ತೇ ಆಗಲಿಲ್ಲ. ಮಾರನೆಯ ದಿನ ಮತ್ತೆ ಓದಿದೆ. ಹಿಂದಿನ ದಿನದ ಹಾಗೆ ಬರಲಿಲ್ಲ.

ಆಮೇಲೆ ಒಂದು ಕಂಡೆನ್ಸರ್ ಮೈಕು ತಗೊಂಡೆ. ಅದರ ಕಿವಿ ಬಹಳ ಸೂಕ್ಷ್ಮ. ತೋಟದ ಆಚೆಯ ನಾಯಿ, ಅಟ್ಟದ ಇಲಿ, ನನ್ನದೇ ಹೊಟ್ಟೆಯ ಸದ್ದು, ಎಲ್ಲ ಬರುತ್ತಿತ್ತು. ಸಂಪೂರ್ಣ ಮೌನ ಇರುವ ಕೋಣೆಗೆ ಅದು ಒಳ್ಳೆಯದು. ಹಳ್ಳಿಮನೆಗೆ ಡೈನಾಮಿಕ್ ಮೈಕು ವಾಸಿ. ಹತ್ತಿರದ ಸ್ವರವನ್ನು ಹಿಡಿದು ದೂರದ ಸದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಮಳೆಗಾಲದ ತೇವಕ್ಕೆ ಕಂಡೆನ್ಸರ್ ಹಾಳಾಗದ ಹಾಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಇಲ್ಲಿ ಜೂನ್ ಬಂದರೆ ಚಪ್ಪಲಿಗೂ ಬೂಸಲು ಬರುತ್ತದೆ, ಮೈಕು ಬಿಡುತ್ತದೆಯೇ?

ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು. 2000ದಿಂದ ಉಚಿತವಾಗಿ ಸಿಗುತ್ತಿದೆ. ಸ್ವರ ಎಷ್ಟು ಏರಿದರೂ ಮೀಟರು ಮೈನಸ್ ಆರು ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುವ ಹಾಗೆ ನೋಡಿಕೊಳ್ಳುತ್ತೇನೆ. ಸೊನ್ನೆಗೆ ಮುಟ್ಟಿದರೆ ಸ್ವರ ಒಡೆದು ಕೇಳುತ್ತದೆ, ಆಮೇಲೆ ಯಾರೂ ಸರಿ ಮಾಡಲಾರರು. ಮೂಲವನ್ನು ಏನೂ ಕುಗ್ಗಿಸದ ವೇವ್ ಫೈಲಾಗಿ ಇಡುತ್ತೇನೆ, ಮೋನೋದಲ್ಲಿ (ಒಂದೇ ಚಾನೆಲ್) ನಿಮಿಷಕ್ಕೆ ಸುಮಾರು 5 ಎಂಬಿ. ಕಳಿಸುವುದಕ್ಕೆ ಎಂಪಿ3, ನಿಮಿಷಕ್ಕೆ ಸುಮಾರು 1 ಎಂಬಿ. ಓದುವ ಮೊದಲು ಇಪ್ಪತ್ತು ಸೆಕೆಂಡು ಏನೂ ಮಾತಾಡದೆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡುತ್ತೇನೆ. ಆ ತುಣುಕನ್ನು ತೋರಿಸಿ "ಈ ಸದ್ದು ಬೇಡ" ಅಂದರೆ ಸಾಫ್ಟ್‌ವೇರ್ ಉಳಿದ ಕಡೆಯಿಂದಲೂ ಅದನ್ನು ತೆಗೆಯುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ತೆಗೆಯುವುದು ಸುಲಭ ಎಂದು ಪೂರಾ ತೆಗೆಯಬೇಡಿ. ಆರಂಭದಲ್ಲಿ ನಾನು ಕಡ್ಡಿಯಾಡಿದ ಸದ್ದೂ ಇರಬಾರದು ಎಂದು ತಿಕ್ಕಿ ತೊಳೆದೆ. ಸ, ಶ, ಷ ಮೂರೂ ಗಾಳಿಯಿಂದ ಹುಟ್ಟುವ ಅಕ್ಷರಗಳು, ಅವುಗಳ ಸದ್ದಿಗೂ ಫ್ಯಾನಿನ ಸುಯ್ ಸದ್ದಿಗೂ ಹೋಲಿಕೆ ಇದೆ. ಸಾಫ್ಟ್‌ವೇರಿಗೆ ಯಾವುದು ಫ್ಯಾನು, ಯಾವುದು ಶಕಾರ ಎಂದು ಹೇಗೆ ಗೊತ್ತಾಗಬೇಕು? "ಶರಧಿ" ಎಂದು ಓದಿದ್ದು ತವರದ ಡಬ್ಬಿಯೊಳಗಿಂದ ಬಂದಂತೆ ಕೇಳಿತು. ಅಂದಿನಿಂದ ಸ್ವಲ್ಪ ಮಾತ್ರ ತೆಗೆಯುತ್ತೇನೆ. ಒಮ್ಮೆ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓದುತ್ತಿದ್ದೆ. ಪದ್ಯದ ಕೊನೆಯ ಸಾಲು ಮುಗಿದು ನಾನು ಉಸಿರು ಬಿಡುವಾಗ ಗುಡ್ಡದಾಚೆಯ ಮಸೀದಿಯ ಬಾಂಗ್ ಸಣ್ಣಗೆ ಶುರುವಾಯಿತು. ಅದನ್ನು ಹಾಗೇ ಬಿಟ್ಟಿದ್ದೇನೆ. ಎಲ್ಲಿ ಕೂತು ಓದಿದ್ದು ಎಂದು ಕೇಳುವವರಿಗೆ ತಿಳಿಯಲಿ.

ಮನೆಯಲ್ಲಿ ಕೂತು ಕವಿತೆ ರೆಕಾರ್ಡ್ ಮಾಡುವುದು ಹೊಸದೇನೂ ಅಲ್ಲ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದಾಗ ಅದರ ಮುಂದೆ ಹೇಳಿದ್ದು ಮಕ್ಕಳ ಒಂದು ಪದ್ಯವನ್ನು. 1889ರಲ್ಲಿ ಇಂಗ್ಲಿಷ್ ಕವಿ ಬ್ರೌನಿಂಗ್ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದರು. ಅಲ್ಲಿಗೆ ಈ ಯಂತ್ರ ಬಂದಿತ್ತು. ಒತ್ತಾಯಕ್ಕೆ ತಮ್ಮದೇ ಪದ್ಯ ಹೇಳಲು ತೊಡಗಿ, ಕೆಲವೇ ಸಾಲು ಹೇಳುವಷ್ಟರಲ್ಲಿ ಮರೆತುಹೋಯಿತು. ನನ್ನ ಪದ್ಯವೇ ನನಗೆ ನೆನಪಾಗುತ್ತಿಲ್ಲ, ಕ್ಷಮಿಸಿ ಎಂದು ಅದರಲ್ಲೇ ಹೇಳಿದ್ದಾರೆ. ಆ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮೇಣದ ಉರುಳೆಯ ಮೇಲಿನ ಆ ಸ್ವರ ಇವತ್ತಿಗೂ ಉಳಿದಿದೆ, ಮರೆತದ್ದೂ ಸೇರಿ. ನಾನು ತಡವರಿಸಿದ ಕಡೆ ಕತ್ತರಿ ಹಾಕುವ ಮೊದಲು ಇದನ್ನು ಒಮ್ಮೆ ನೆನೆಸಿಕೊಳ್ಳುತ್ತೇನೆ.

ಯಾರ ಕವಿತೆ ಓದಬಹುದು ಎಂಬುದೂ ತಿಳಿದಿರಬೇಕು. ಮನೆಯೊಳಗೆ ನಮ್ಮ ಸಂತೋಷಕ್ಕೆ ಓದಲು ಯಾರ ಅಡ್ಡಿಯೂ ಇಲ್ಲ. ಎಲ್ಲರೂ ಕೇಳುವ ಹಾಗೆ ಹೊರಗೆ ಹಾಕುವುದಾದರೆ ಕಾನೂನು ಇದೆ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಮುಂದಿನ ಜನವರಿಯಿಂದ ಎಣಿಕೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರವೂ ಆದವು. ಆ ದಿನ ನಾನು ಬೆಳಿಗ್ಗೆಯೇ ಎದ್ದು ಅವರದೊಂದು ಕವಿತೆ ಓದಿದೆ. ಹಬ್ಬದ ದಿನ ಬೇಗ ಏಳುವ ಹಾಗೆ. ನಮ್ಮ ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ಹೋದರು. ಅವರ ಕವಿತೆಗಳ ಹಕ್ಕು 2075ರ ಕೊನೆಯವರೆಗೆ ಮನೆಯವರದ್ದು. ಅವನ್ನು ಹೊರಗೆ ಹಾಕಬೇಕಾದರೆ ಕೇಳಿಯೇ ಹಾಕಬೇಕು. ಹಾಗಾಗಿ ಅವರ ಪದ್ಯಗಳನ್ನು ಮನೆಮಂದಿಗೆ ಮಾತ್ರ ಓದುತ್ತೇನೆ.

ಗೋವಿಂದ ಪೈಗಳನ್ನು ಓದುವಾಗ ಒಂದು ಸಂಗತಿ ಬಾಯಿಗೆ ಗೊತ್ತಾಯಿತು. ಹಳೆಯ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕಿತ್ತು, ಆದಿಪ್ರಾಸ ಅಂತ. ಅದನ್ನು ಬಿಟ್ಟು ಬರೆಯುತ್ತೇನೆ ಎಂದು ಅವರು ಹೊರಟದ್ದು 1911ರಲ್ಲಿ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಬರೆದಿದ್ದೆ, ಅಂಕವೂ ಸಿಕ್ಕಿತ್ತು. ಅರ್ಥವಾದದ್ದು ಅಡಿಕೆ ಕೋಣೆಯಲ್ಲಿ. ಪ್ರಾಸ ಇರುವ ಪದ್ಯ ಓದುವಾಗ ಸಾಲು ಶುರುವಾಗುತ್ತಲೇ ಆ ಎರಡನೇ ಅಕ್ಷರ ಕೈ ಹಿಡಿಯುತ್ತದೆ. ಪೈಗಳ ಪದ್ಯಕ್ಕೆ ಬಂದರೆ ಆ ಹಿಡಿಕೆ ಇಲ್ಲ. ಸಾಲು ಎಲ್ಲಿಗೆ ಹೋಗುತ್ತದೆ ಎಂದು ಅರ್ಥ ನೋಡಿಕೊಂಡೇ ನಡೆಯಬೇಕು. ಮೊದಲ ಸಲ ಮೂರು ಕಡೆ ಎಡವಿದೆ. ಆ ಕಾಲದ ಓದುಗರಿಗೆ ಎಷ್ಟು ಗಾಬರಿಯಾಗಿರಬೇಕು ಎಂದು ಆಗ ಅನ್ನಿಸಿತು.

ಕಣ್ಣಲ್ಲಿ ಓದುವಾಗ ನಾವು ಎಷ್ಟೋ ಕಡೆ ಹಾರಿ ಹೋಗುತ್ತೇವೆ. ಬಾಯಿಗೆ ಹಾರಲು ಬರುವುದಿಲ್ಲ. ಒಂದು ಸಾಲನ್ನು ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯದಿದ್ದರೆ ಆ ಸಾಲು ನನಗೆ ತಿಳಿದಿಲ್ಲ ಅಂತಲೇ ಲೆಕ್ಕ. ಒಂದೇ ಪದ್ಯವನ್ನು ಹನ್ನೆರಡು ಸಲ ಓದಿ, ಹನ್ನೆರಡನೆಯ ಸಲಕ್ಕೆ "ಓ, ಇದನ್ನು ಹೇಳುತ್ತಿರುವುದು ತಾಯಿ, ಮಗ ಅಲ್ಲ" ಎಂದು ಗೊತ್ತಾದದ್ದೂ ಇದೆ.

ದೊಡ್ಡಮ್ಮನ ವಿಷಯ ಹೇಳದೆ ಇದು ಮುಗಿಯುವುದಿಲ್ಲ.

ದೊಡ್ಡಮ್ಮನಿಗೆ ಎಪ್ಪತ್ತೆಂಟು. ನಮ್ಮ ತೋಟದ ಆಚೆ ಬದಿಯ ಮನೆ. ಅವರ ಅಪ್ಪ ಜೈಮಿನಿ ಭಾರತ ಓದುತ್ತಿದ್ದರಂತೆ, ಆಟಿ ತಿಂಗಳಲ್ಲಿ. ಹೊರಗೆ ಜಡಿಮಳೆ, ತೋಟದಲ್ಲಿ ಕೆಲಸವಿಲ್ಲ, ಚಾವಡಿಯಲ್ಲಿ ಚಿಮಿಣಿ ದೀಪ. ಕೇಳಿ ಕೇಳಿಯೇ ದೊಡ್ಡಮ್ಮನಿಗೂ ಬಂತು. ರಾಗದ ಹೆಸರು ಅವರಿಗೆ ಗೊತ್ತಿಲ್ಲ. ಯುದ್ಧಕ್ಕೆ ಒಂದು ಧಾಟಿ, ದುಃಖಕ್ಕೆ ಒಂದು, ಕಥೆ ಮುಂದೆ ಹೋಗುವುದಕ್ಕೆ ಒಂದು. ಅದು ಆ ಮನೆಯ ಧಾಟಿ. ಬೇರೆ ಕಡೆ ನಾನು ಕೇಳಿಲ್ಲ.

ಕೇಳಿಕೊಂಡಾಗ ಮೊದಲು ಒಪ್ಪಲಿಲ್ಲ. "ಎನಗೆ ಈಗ ಸ್ವರ ಇಲ್ಲೆ ಕೂಸೇ" ಅಂದರು. ಒಪ್ಪಿದ ಮೇಲೆ ಮೈಕು ನೋಡಿ ಸ್ವರ ಅಡಗಿತು. "ಇದರ ಎದುರು ಓದಲೆ ಎಡಿಯ." ನಾನು ಮೈಕನ್ನು ಬೈರಾಸಿನಿಂದ ಮುಚ್ಚಿ, "ನಿಂಗೊ ಅದರ ನೋಡೆಡಿ ದೊಡ್ಡಮ್ಮ, ಎನಗೆ ಓದಿ" ಅಂದೆ. ಎದುರಿಗೆ ಕೂತೆ. ಎರಡು ಪದ್ಯ ಓದಿ ನಿಲ್ಲಿಸಿದರು. ಯಾಕೆ ಎಂದರೆ ನಾನು ಹೂಂಗುಟ್ಟುತ್ತಿಲ್ಲ. ನನ್ನ ಸದ್ದು ಬರಬಾರದು ಎಂದು ತಲೆ ಮಾತ್ರ ಆಡಿಸುತ್ತಿದ್ದೆ. ಅವರಿಗೆ ಅದು ಆಗದು. ಕೇಳುವವರು ಹೂಂ ಅನ್ನದಿದ್ದರೆ ಓದುವುದು ಯಾರಿಗೆ? ಹಾಗಾಗಿ ಆ ರೆಕಾರ್ಡಿಂಗಿನ ಉದ್ದಕ್ಕೂ ಪ್ರತಿ ಪದ್ಯದ ಕೊನೆಗೆ ನನ್ನದೊಂದು ಹೂಂ ಇದೆ.

ಅದು ಆಟಿಯೇ. ಹಂಚಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು. ನನ್ನ ಲೆಕ್ಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ರೆಕಾರ್ಡಿಂಗ್‌ಗೆ ಆಗದ ಕಾಲ. ದೊಡ್ಡಮ್ಮನ ಲೆಕ್ಕದಲ್ಲಿ ಓದುವುದಕ್ಕೆ ಇರುವ ಕಾಲವೇ ಅದು. ಅವರು ಮಳೆ ಜೋರಾದರೆ ಸ್ವರ ಏರಿಸುತ್ತಿದ್ದರು, ಕಡಿಮೆಯಾದರೆ ಇಳಿಸುತ್ತಿದ್ದರು. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಅರುವತ್ತು ಎಪ್ಪತ್ತು ಮಳೆಗಾಲದ ಅಭ್ಯಾಸ. ಮಳೆಯನ್ನು ಸಾಫ್ಟ್‌ವೇರಿನಿಂದ ತೆಗೆದು ನೋಡಿದೆ. ಕಾರಣವಿಲ್ಲದೆ ಏರಿ ಇಳಿಯುವ ಸ್ವರ ಉಳಿಯಿತು. ಮಳೆಯನ್ನು ಮತ್ತೆ ಇದ್ದಲ್ಲಿಗೇ ಹಾಕಿದೆ.

ಜೈಮಿನಿ ಭಾರತ ವಾರ್ಧಕ ಷಟ್ಪದಿಯಲ್ಲಿದೆ. ಐದೈದು ಮಾತ್ರೆಯ ಗಣ. ಗಿಡ್ಡ ಸಾಲಿಗೆ 20 ಮಾತ್ರೆ, ಮೂರನೆಯ ಮತ್ತು ಆರನೆಯ ಉದ್ದ ಸಾಲಿಗೆ ಕೊನೆಯ ಗುರು ಸೇರಿ 32. ಆ 32 ಮಾತ್ರೆಯನ್ನು ದೊಡ್ಡಮ್ಮ ಮೊದಲು ಒಂದೇ ಉಸಿರಿಗೆ ಓದುತ್ತಿದ್ದರು, ನಾನೇ ಕೇಳಿದ್ದೇನೆ. ಈಗ ಆಗುವುದಿಲ್ಲ. ನಡುವೆ, ಸರಿಯಾಗಿ ಮೂರು ಗಣ ಮುಗಿದಲ್ಲಿ, ಸಣ್ಣದಾಗಿ ಉಸಿರು ಎಳೆದುಕೊಳ್ಳುತ್ತಾರೆ. ತಾಳ ತಪ್ಪುವುದಿಲ್ಲ. ಎಡಿಟ್ ಮಾಡುವಾಗ ಆ ಉಸಿರನ್ನು ತೆಗೆಯುವುದು ಒಂದು ನಿಮಿಷದ ಕೆಲಸ. ಕರ್ಸರ್ ಅದರ ಮೇಲೆ ಇಟ್ಟು ಬಹಳ ಹೊತ್ತು ಕೂತಿದ್ದೆ. ತೆಗೆಯಲಿಲ್ಲ.

ಅವರು ಓದಿದ್ದು ಚಂದ್ರಹಾಸನ ಕಥೆ. ಮಂತ್ರಿ ದುಷ್ಟಬುದ್ಧಿ ಹುಡುಗನ ಕೈಯಲ್ಲೇ ಓಲೆ ಕೊಟ್ಟು ಮಗನ ಬಳಿಗೆ ಕಳಿಸುತ್ತಾನೆ. ತಂದವನಿಗೆ ವಿಷ ಕೊಡು ಎಂದು ಓಲೆಯಲ್ಲಿ ಬರೆದಿದೆ. ದಣಿದ ಹುಡುಗ ಉಪವನದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ಅಲ್ಲಿಗೆ ಬಂದ ಮಂತ್ರಿಯ ಮಗಳು ವಿಷಯೆ ಓಲೆ ಓದುತ್ತಾಳೆ. ವಿಷವ ಎಂದಿದ್ದ ಕಡೆ ಕಣ್ಣ ಕಾಡಿಗೆಯಿಂದ ತಿದ್ದಿ ವಿಷಯೆ ಎಂದು ಮಾಡುತ್ತಾಳೆ. ದೊಡ್ಡಮ್ಮ ಅಲ್ಲಿಗೆ ಬಂದಾಗ ಧಾಟಿ ನಿಧಾನವಾಯಿತು. "ವಿಷ" ಎಂದು ನಿಲ್ಲಿಸಿದರು. ಮಳೆ ಮಾತ್ರ ಕೇಳುತ್ತಿತ್ತು. ನಾನು ಹೂಂ ಅನ್ನಲು ಹೋಗಿ ತಡೆದುಕೊಂಡೆ. ಆಮೇಲೆ, ಬಹಳ ಮೆತ್ತಗೆ, "ಯೆ" ಅಂದರು. ಪದ್ಯ ಮುಗಿದ ಮೇಲೆ ಕನ್ನಡಕ ತೆಗೆದು, "ಒಂದೇ ಅಕ್ಷರ ನೋಡು ಕೂಸೇ" ಅಂದರು. ಅದೂ ರೆಕಾರ್ಡ್ ಆಗಿದೆ.

ಅದನ್ನು ಕೊಚ್ಚಿಗೆ ಕಳಿಸಿದೆ. ಹಳೆಯ ಕಾಲದ ಕನ್ನಡ ಪದಗಳು ಮಗುವಿಗೆ ತಿಳಿಯಲಿಕ್ಕಿಲ್ಲ ಎಂದು ಕಥೆಯನ್ನು ಮೊದಲು ಬೇರೆಯಾಗಿ ಹೇಳಿ ಕಳಿಸಿದ್ದೆ. ಎರಡು ದಿನ ಬಿಟ್ಟು ಫೋನ್ ಬಂತು. ದೊಡ್ಡಜ್ಜಿ ಅಲ್ಲಿ ಯಾಕೆ ನಿಲ್ಲಿಸಿದ್ದು ಎಂದು ಕೇಳಿದಳು. ನಾನು ಹೇಳಿದೆ. ವಿಷ ಅಂದರೆ ಗೊತ್ತಲ್ವಾ, ಮಲಯಾಳದಲ್ಲೂ ವಿಷಂ ಅಂತಲೇ. ಅದರ ಮುಂದೆ ವ ಇತ್ತು, ವಿಷಯೆ ಅದನ್ನು ಯೆ ಮಾಡಿದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅತ್ತೆ, ವ ಹೇಗಿರುತ್ತದೆ? ಯೆ ಹೇಗಿರುತ್ತದೆ? ಒಂದೇ ಗೆರೆಯಲ್ಲಿ ತಿದ್ದಲಿಕ್ಕೆ ಆಗುತ್ತದಾ?" ಎಂದಳು.

ನಾಲ್ಕು ವರ್ಷದಲ್ಲಿ ಅವಳು ಅಕ್ಷರ ಕೇಳಿದ್ದು ಅದೇ ಮೊದಲು. ಅಡಿಕೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡೂ ಪದ ದೊಡ್ಡದಾಗಿ ಬರೆದು ಫೋಟೋ ಕಳಿಸಿದೆ. ಸಂಜೆಗೆ ಅವಳ ಫೋಟೋ ಬಂತು. ಪೆನ್ಸಿಲಿನಲ್ಲಿ ಬರೆದ ವಿಷವ, ಅದರ ಕೆಳಗೆ ವಿಷಯೆ. ಷ ಚೆನ್ನಾಗಿ ಬಂದಿತ್ತು. ಯೆ ಅಕ್ಷರದ ಹೊಟ್ಟೆ ಬಿಟ್ಟುಹೋಗಿ, ಎತ್ವ ಎಲ್ಲೋ ಮೇಲೆ ಬೇರೆಯೇ ನಿಂತಿತ್ತು.

ಫೋನು ಹಿಡಿದುಕೊಂಡು ತೋಟ ದಾಟಿ ದೊಡ್ಡಮ್ಮನ ಮನೆಗೆ ಹೋದೆ. ಅವರು ಕನ್ನಡಕ ಹಾಕಿ, ಫೋಟೋವನ್ನು ಹತ್ತಿರ ಹಿಡಿದು ದೂರ ಹಿಡಿದು ನೋಡಿದರು. "ಯೆ ಸರಿ ಆಯಿದಿಲ್ಲೆ" ಅಂದರು. ತಾಂಬೂಲದ ತಟ್ಟೆಯನ್ನು ಬದಿಗೆ ಸರಿಸಿ, ಬೆಂಚಿನ ಮೇಲೆ ಬೆರಳಿನಿಂದ ನಿಧಾನವಾಗಿ ಯೆ ಬರೆಯತೊಡಗಿದರು, ಎಲ್ಲಿಂದ ಶುರು ಮಾಡಬೇಕು, ಎಲ್ಲಿ ತಿರುಗಬೇಕು ಎಂದು ಹೇಳುತ್ತಾ. ನಡುವೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಇದರ ರೆಕಾರ್ಡ್ ಮಾಡ್ಲೆ ಆವುತ್ತಾ?"

ಫೋನಿನಲ್ಲಿ ವಿಡಿಯೋ ಆನ್ ಮಾಡಿ ಅವರ ಬೆರಳಿನ ಮೇಲೆ ಹಿಡಿದೆ. "ಆವುತ್ತು ದೊಡ್ಡಮ್ಮ. ಸುರುವಿಂದ ಬರೆಯಿರಿ" ಅಂದೆ.